ರಾಕ್ಷಸ ಎಂತ ತಿಂತಾನೆ, ಮಾರಾಯ?

ನಾನು ಕಲ್ಯಾಣಪುರದವನು. ಭಾನುವಾರ ಸಂಜೆ ನಾವು ಐದು ಜನ ಸೇರಿ ರೋಲ್‌ಪ್ಲೇಯಿಂಗ್ ಗೇಮ್ ಆಡ್ತೇವೆ. ಹಾಗಂದ್ರೆ ಎಂತ ಅಂತ ಕೇಳುವವರಿಗೆ ತಾಳಮದ್ದಳೆ ನೆನಪು ಮಾಡ್ತೇನೆ. ಅಲ್ಲಿ ಪ್ರಸಂಗ ಒಂದಿರ್ತದೆ, ಮಾತು ಮಾತ್ರ ಅರ್ಥಧಾರಿಗಳದ್ದೇ. ಇಲ್ಲೂ ಹಾಗೆಯೇ. ಒಬ್ಬ ಕಥೆ ನಡೆಸ್ತಾನೆ, ಉಳಿದವರು ಪಾತ್ರ ಆಡ್ತಾರೆ. ಸೋಲು ಗೆಲುವು ಡೈಸ್ ಹೇಳ್ತದೆ, ಅಷ್ಟೇ ವ್ಯತ್ಯಾಸ.

ಕಥೆ ನಡೆಸುವವನು ನಾನು. ಒಂದು ಸಲ ಸುವರ್ಣಾ ನದಿಯ ಕುದ್ರು ಒಂದನ್ನೇ ಕಥೆಯ ಜಾಗ ಮಾಡಿದ್ದೆ. ಕಾಂಡ್ಲಾ ಕಾಡು, ಉಪ್ಪು ನೀರು, ರಾತ್ರಿ. ಆಕಾಶ ಬಿರಿದು ಅಲ್ಲಿಂದ ಒಂದು ರಾಕ್ಷಸ ಪ್ರಾಣಿ ಬಿದ್ದಿದೆ. ಮೈತುಂಬ ಬಾಯಿ. ಎಲ್ಲರೂ ಕತ್ತಿ ಹಿರಿದರು. ವೈದ್ಯನ ಪಾತ್ರ ಆಡುವ ಗೆಳೆಯ ಮಾತ್ರ ಕೇಳಿದ, "ಇದು ಎಂತ ತಿಂತದೆ, ಮಾರಾಯ?"

ನನ್ನ ಹತ್ತಿರ ಉತ್ತರ ಇರಲಿಲ್ಲ. "ಕೇಯಾಸ್‌ನಿಂದ ಹುಟ್ಟಿದ್ದು, ಅದಕ್ಕೆ ಲೆಕ್ಕ ಇಲ್ಲ" ಅಂದೆ. "ಹಾಗಾದ್ರೆ ಅದು ಪ್ರಾಣಿ ಅಲ್ಲ, ನಿನ್ನ ಸೋಮಾರಿತನ" ಅಂದ. ಎಲ್ಲರೂ ನಕ್ಕರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಈ ಪ್ರಶ್ನೆ ಹೊಸತೇನಲ್ಲ. ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಬಂದದ್ದು 1974ರಲ್ಲಿ. ಶುರುವಿಗೆ ಪ್ರತಿ ಕೋಣೆಯಲ್ಲೂ ಒಂದೊಂದು ಪ್ರಾಣಿ, ನಾವು ಹೋಗಿ ಕೊಲ್ಲುವವರೆಗೆ ಕಾಯ್ತಾ ಇರ್ತಿತ್ತು. 1983ರಲ್ಲಿ ಡ್ರ್ಯಾಗನ್ ಪತ್ರಿಕೆ ಇಂಥ ಪ್ರಾಣಿಗಳ ಜೀವನಕ್ರಮದ ಬಗ್ಗೆ ಲೇಖನಮಾಲೆ ಶುರು ಮಾಡಿತು. ಮೊದಲನೆಯದು ಪಿಯರ್ಸರ್, ಗುಹೆಯ ಮಾಡಿನಲ್ಲಿ ಕಲ್ಲಿನ ಹಾಗೆ ಜೋತು, ಕೆಳಗೆ ಬಂದವರ ಮೇಲೆ ಬೀಳುವ ಜೀವಿ.

ಕೇಯಾಸ್ ಪ್ರಾಣಿಗಳಿಗೇ ಹೆಸರಾದದ್ದು 1978ರ ರೂನ್‌ಕ್ವೆಸ್ಟ್, ಗ್ರೆಗ್ ಸ್ಟಾಫರ್ಡ್ ಕಟ್ಟಿದ ಗ್ಲೊರಾಂತಾ ಲೋಕ. ಅಲ್ಲಿ ಕೇಯಾಸ್ ಲೋಕದ ಹೊರಗಿನಿಂದ ನುಗ್ಗಿದ್ದು. ಬ್ರೂ ಅಂತ ಆಡಿನ ತಲೆಯ ಜೀವಿ ಉಂಟು. ಅದು ಬೇರೆ ಪ್ರಾಣಿಯ ಮೈಯೊಳಗೆ ಮರಿ ಬೆಳೆಸ್ತದೆ. ಹಸುವಿನೊಳಗೆ ಬೆಳೆದರೆ ಹಸುವಿನ ಲಕ್ಷಣ ಬರ್ತದೆ. ಅಸಹ್ಯ ಅನಿಸ್ತದಲ್ವಾ? ಆದರೆ ಕಂಬಳಿಹುಳುವಿನೊಳಗೆ ಮೊಟ್ಟೆ ಇಡುವ ಕಣಜಗಳು ನಮ್ಮ ತೋಟದಲ್ಲೇ ಇವೆ. ಕಣಜದ ಸಂಖ್ಯೆಗೆ ಒಂದು ಮಿತಿ ಉಂಟು, ಅದನ್ನೂ ತಿನ್ನುವವರಿದ್ದಾರೆ. ಬ್ರೂವನ್ನು ತಿನ್ನುವವರು ಯಾರು?

ಇಲ್ಲಿ ನನಗೆ ನಮ್ಮ ಪುರಾಣ ನೆನಪಾಯ್ತು. ಬಕಾಸುರನಿಗೆ ಬಂಡಿ ಅನ್ನ, ಎರಡು ಕೋಣ, ತಂದ ಮನುಷ್ಯ. ಭಯಂಕರ, ಆದರೆ ಲೆಕ್ಕ ಉಂಟು. ಬೇರೆ ಶತ್ರು ಆ ಊರಿಗೆ ಬರದ ಹಾಗೆ ನೋಡಿಕೊಳ್ಳುವವನೂ ಅವನೇ. ಕಾಳಿಂಗನ ಕಥೆ ಇನ್ನೂ ಚಂದ. ಅವನು ಯಮುನೆಯ ಮಡುವಿಗೆ ಬಂದದ್ದು ಗರುಡನ ಹೆದರಿಕೆಯಿಂದ. ಋಷಿಯ ಶಾಪ ಇದ್ದ ಕಾರಣ ಗರುಡ ಅಲ್ಲಿಗೆ ಬರುವ ಹಾಗಿಲ್ಲ. ತಿನ್ನುವವನು ಬಾರದ ಜಾಗ ಸಿಕ್ಕಿತು, ಮಡು ವಿಷ ಆಯ್ತು. ಕೃಷ್ಣ ಅವನನ್ನು ಕೊಲ್ಲಲಿಲ್ಲ, ಅವನ ಜಾಗಕ್ಕೆ ವಾಪಸ್ ಕಳಿಸಿದ. ದೇವಿ ಮಹಾತ್ಮೆ ಆಟ ನೋಡಿದವರಿಗೆ ರಕ್ತಬೀಜ ಗೊತ್ತು. ಒಂದು ಹನಿ ಬಿದ್ದರೆ ಇನ್ನೊಬ್ಬ. ಹೊಡೆದಷ್ಟೂ ಜಾಸ್ತಿ. ಅವನು ಮುಗಿದದ್ದು ರಕ್ತ ಕುಡಿಯುವ ಕಾಳಿ ಬಂದಾಗ.

ಅಂದ್ರೆ ಕೇಯಾಸ್ ಪ್ರಾಣಿ ಅಂದ್ರೆ ಬಾಯಿ ಜಾಸ್ತಿ ಇರುವುದಲ್ಲ. ಅದನ್ನು ತಿನ್ನುವವರು ಇಲ್ಲದೆ ಇರುವುದು.

ಇಷ್ಟು ಅರ್ಥ ಆದದ್ದು ನನ್ನ ದೊಡ್ಡಮ್ಮನ ಹಿತ್ತಿಲಲ್ಲಿ. ಎರಡು ಮಳೆಗಾಲದಿಂದ ಅವರ ಬಸಳೆ, ಬೆಂಡೆ, ಪಪ್ಪಾಯಿ ಗಿಡ ಉಳಿಯುವುದಿಲ್ಲ. ಬೆಳಿಗ್ಗೆ ನೋಡಿದರೆ ದಂಟು ಮಾತ್ರ. ಆಫ್ರಿಕನ್ ಬಸವನಹುಳು. 1847ರಲ್ಲಿ ಒಬ್ಬ ಇಂಗ್ಲಿಷಿನವನು ಮಾರಿಷಸ್‌ನಿಂದ ಕಲ್ಕತ್ತಕ್ಕೆ ತಂದು ಬಿಟ್ಟದ್ದು. ಒಂದೇ ಮೈಯಲ್ಲಿ ಗಂಡೂ ಉಂಟು, ಹೆಣ್ಣೂ ಉಂಟು. ಒಂದು ಸಲಕ್ಕೆ ನೂರಕ್ಕೂ ಹೆಚ್ಚು ಮೊಟ್ಟೆ. ಬೇಸಿಗೆಯಲ್ಲಿ ಚಿಪ್ಪಿನ ಬಾಯಿ ಮುಚ್ಚಿ ಮಲಗ್ತದೆ, ಮಳೆ ಬಿದ್ದ ಕೂಡಲೇ ಏಳ್ತದೆ. ದೊಡ್ಡಮ್ಮ ಉಪ್ಪು ಹಾಕಿ ಹಾಕಿ ಸುಸ್ತಾದರು. ಗಿಡದ ಬುಡವೂ ಹಾಳಾಯ್ತು. "ಇದು ಎಲ್ಲಿಂದ ಉದುರಿತೋ, ಮಗ" ಅಂದರು. ನನ್ನ ಕಥೆಯ ಆಕಾಶವೇ ನೆನಪಾಯ್ತು.

ಹಾಗಾದ್ರೆ ಅದನ್ನು ತಿನ್ನುವ ಪ್ರಾಣಿ ತಂದು ಬಿಡುವುದಾ? ಪೆಸಿಫಿಕ್ ದ್ವೀಪಗಳಲ್ಲಿ ಅದನ್ನೇ ಮಾಡಿದರು. 1977ರಲ್ಲಿ ಮೂರಿಯಾ ದ್ವೀಪಕ್ಕೆ, ಬೇರೆ ಬಸವನಹುಳುಗಳನ್ನು ತಿನ್ನುವ ಅಮೆರಿಕದ ಒಂದು ಬಸವನಹುಳು ತಂದರು. ಅದು ದೊಡ್ಡದನ್ನು ಬಿಟ್ಟು ಆ ದ್ವೀಪದ್ದೇ ಆದ ಸಣ್ಣ ಪಾರ್ಟುಲಾ ಹುಳುಗಳನ್ನು ತಿಂದಿತು. ಹತ್ತು ವರ್ಷದಲ್ಲಿ ಅವು ಕಾಡಿನಿಂದಲೇ ಮಾಯ. ರಾಕ್ಷಸನ ಮೇಲೆ ರಾಕ್ಷಸ ಬಿಟ್ಟರೆ ಎರಡು ರಾಕ್ಷಸರು, ಅಷ್ಟೇ.

ಉಳಿದದ್ದು ಬೇಸರದ ಕೆಲಸ. ಸಂಜೆ ಒದ್ದೆ ಗೋಣಿಚೀಲದ ಅಡಿಗೆ ಪಪ್ಪಾಯಿ ಎಲೆ ಇಡುವುದು. ಬೆಳಿಗ್ಗೆ ಅಡಿಗೆ ಸೇರಿದ್ದನ್ನು ಹೆಕ್ಕುವುದು. ಮಣ್ಣಿನಲ್ಲಿ ಮೊಟ್ಟೆ ಹುಡುಕುವುದು. ಗ್ಲೌಸ್ ಹಾಕ್ಕೊಳ್ಳಿ, ಮನುಷ್ಯರಿಗೆ ಕಾಯಿಲೆ ತರುವ ಹುಳ ಅದರಲ್ಲಿ ಇರ್ತದೆ. ಒಂದು ಮನೆಯವರು ಮಾಡಿ ಪಕ್ಕದ ಮನೆಯವರು ಬಿಟ್ಟರೆ ಪ್ರಯೋಜನ ಇಲ್ಲ. ನಾವು ಐದೂ ಜನ ನಾಲ್ಕು ಹಿತ್ತಿಲು ಸುತ್ತಿದೆವು. ಮುಗಿದಿಲ್ಲ. ಈ ಸಲ ಬಸಳೆ ಚಪ್ಪರ ಮಾತ್ರ ಉಳಿದಿದೆ.

ಮುಂದಿನ ಭಾನುವಾರ ಕುದ್ರುವಿನ ಕಥೆ ಬದಲಾಯಿಸಿದೆ. ಆ ಪ್ರಾಣಿಗೆ ಉಪ್ಪು ನೀರು ಆಗುವುದಿಲ್ಲ, ಮಳೆಗಾಲದಲ್ಲಿ ಹೊಳೆ ಸಿಹಿಯಾದಾಗ ಮಾತ್ರ ದಾಟ್ತದೆ, ಮೊಟ್ಟೆ ಕಾಂಡ್ಲಾದ ಬೇರಿನಲ್ಲಿ. ಆಟಗಾರರು ಕತ್ತಿ ಕೆಳಗಿಟ್ಟರು. ಮಳೆಗೆ ಎಷ್ಟು ದಿನ ಉಂಟು ಅಂತ ಲೆಕ್ಕ ಹಾಕಿದರು. ದೋಣಿಯವರನ್ನು, ಮರುವಾಯಿ ಹೆಕ್ಕುವವರನ್ನು ಸೇರಿಸಿದರು. ಮೂರು ಗಂಟೆ ಹೋದದ್ದೇ ಗೊತ್ತಾಗಲಿಲ್ಲ.

ನೀವೂ ರಾಕ್ಷಸ ಬರೆಯುವವರಾದರೆ ಮೂರು ಪ್ರಶ್ನೆ ಕೇಳಿ. ಎಲ್ಲಿಂದ ಬಂತು? ಎಂತ ತಿಂತದೆ? ಅದನ್ನು ಯಾರು ತಿಂತಾರೆ? ಮೂರನೆಯದಕ್ಕೆ ಉತ್ತರ ಇಲ್ಲದಿದ್ದರೆ ಹೆದರಿ. ಹೆದರಿದ ಮೇಲೆ ಗೋಣಿಚೀಲ ಒದ್ದೆ ಮಾಡಿ.