ನೋಟಿಫಿಕೇಶನ್ ಬಂದ ದಿನದ ಬೆಲೆ



ಬೆಂಗಳೂರಿನ ನೇರಳೆ ಮಾರ್ಗದ ಮೆಟ್ರೋದಲ್ಲಿ ವಿಜಯನಗರದ ಆಚೀಚೆ ಹೊಸಹಳ್ಳಿ, ಅತ್ತಿಗುಪ್ಪೆ ಎಂಬ ನಿಲ್ದಾಣಗಳು ಬರುತ್ತವೆ. ರಾಜಾಜಿನಗರದಲ್ಲಿ ಕೇತಮಾರನಹಳ್ಳಿ, ಬಸವೇಶ್ವರನಗರದ ಮಗ್ಗುಲಲ್ಲಿ ಸಾಣೇಗುರುವನಹಳ್ಳಿ. ಹೊಲ ಹೋಗಿ ಹೆಸರಷ್ಟೇ ಉಳಿದ ಊರುಗಳಿವು.

ಸರ್ಕಾರ ಹೀಗೆ ಖಾಸಗಿ ಜಮೀನು ಪಡೆಯುವ ಹಳೆಯ ಕಾನೂನನ್ನು ಬ್ರಿಟಿಷರು ಮಾಡಿದ್ದು 1894ರಲ್ಲಿ. ಬೆಂಗಳೂರಿನಲ್ಲಿ 1945ರ ಕಾಯ್ದೆಯಿಂದ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್ ಹುಟ್ಟಿತು, ರಾಜಾಜಿನಗರ ಅದು ಕಟ್ಟಿದ ಬಡಾವಣೆ. 1976ರ ಕಾಯ್ದೆ ಆ ಕೆಲಸವನ್ನು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರಕ್ಕೆ (ಬಿಡಿಎ) ವಹಿಸಿತು. ಈ ಬಡಾವಣೆಗಳ ಮಟ್ಟಿಗೆ ಸಾರ್ವಜನಿಕ ಉದ್ದೇಶವೆಂದರೆ ರಸ್ತೆ, ಶಾಲೆ, ಮಧ್ಯಮ ವರ್ಗದವರಿಗೊಂದು ಸೈಟು. ಆ ಮಾತಿನ ಅರ್ಥವನ್ನು 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ ಇನ್ನಷ್ಟು ಹಿಗ್ಗಿಸಿತ್ತು. ಉದ್ಯಮಕ್ಕಾಗಿ ರೈತನ ಜಮೀನು ತೆಗೆದುಕೊಳ್ಳಲು ಕೆಐಎಡಿಬಿ ಎಂಬ ಮಂಡಳಿಯೇ ಬಂತು.

ಇದರ ದೊಡ್ಡ ಉದಾಹರಣೆ ಕೆಂಗೇರಿಯ ಬಳಿ ಹಾದುಹೋಗುವ ನೈಸ್ ರಸ್ತೆ. ಅದು ಸೇರಿದ ಬೆಂಗಳೂರು–ಮೈಸೂರು ಕಾರಿಡಾರಿನ 1997ರ ಒಪ್ಪಂದಕ್ಕೆ ಬೇಕಿದ್ದದ್ದು 20,193 ಎಕರೆ. ಅದರಲ್ಲಿ 13,237 ಎಕರೆ ಖಾಸಗಿ ಜಮೀನು.

ರಸ್ತೆ ಬೇಡವೆಂದು ನಾನು ಹೇಳುವುದಿಲ್ಲ. ನನ್ನ ತಕರಾರು ತಾರೀಕಿನದು. ಹಳೆಯ ಕಾನೂನಿನ ಲೆಕ್ಕದಲ್ಲಿ ಬೆಲೆ ನಿಲ್ಲುವುದು ನೋಟಿಫಿಕೇಶನ್ ಬಂದ ದಿನಕ್ಕೆ. ಅಂದಿನಿಂದ ಮಾರುವಂತಿಲ್ಲ, ಸಾಲ ಹುಟ್ಟುವುದಿಲ್ಲ. ಪಕ್ಕದ ಗುಂಟೆಯ ಬೆಲೆ ಮಾತ್ರ ಏರುತ್ತಲೇ ಇರುತ್ತದೆ. ಇದೇ ಕಾರಿಡಾರಿಗಾಗಿ ಗೊಟ್ಟಿಗೆರೆಯಲ್ಲಿ 2003ರಲ್ಲಿ ಅಧಿಸೂಚನೆಯಾದ ಜಮೀನನ್ನು 2005ರಲ್ಲಿ ವಶಪಡಿಸಿಕೊಂಡರು. ಪರಿಹಾರದ ಐತೀರ್ಪು ಬಂದದ್ದು 2019ರಲ್ಲಿ, ಅದೂ 2011ರ ದರದಲ್ಲಿ! ಕೊನೆಗೆ 2025ರ ಜನವರಿ 2ರಂದು ಸುಪ್ರೀಂ ಕೋರ್ಟ್, 2019ರ ಮಾರುಕಟ್ಟೆ ಬೆಲೆಯನ್ನೇ ಕೊಡಿ ಎಂದಿತು. ಆಸ್ತಿ ಈಗ ಮೂಲಭೂತ ಹಕ್ಕಲ್ಲ ನಿಜ, ಆದರೆ ಸಂವಿಧಾನದ 300ಎ ವಿಧಿಯ ಹಕ್ಕು ಎಂದು ನೆನಪಿಸಿತು.

ಗೊಟ್ಟಿಗೆರೆಯ ಜಮೀನು ವಶವಾದ ಅದೇ 2005ರಲ್ಲಿ ಅಮೆರಿಕದ ನ್ಯೂ ಲಂಡನ್ ಊರಿನಲ್ಲಿ ಸುಸೆಟ್ ಕೀಲೋ ಎಂಬಾಕೆ ತನ್ನ ಗುಲಾಬಿ ಬಣ್ಣದ ಮನೆಗಾಗಿ ಹೋರಾಡಿ ಸೋತರು. ಆರ್ಥಿಕ ಅಭಿವೃದ್ಧಿಯೂ ಸಾರ್ವಜನಿಕ ಉಪಯೋಗವೇ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 5–4ರ ಬಹುಮತದಲ್ಲಿ ಹೇಳಿತು. ಅಭಿವೃದ್ಧಿಯ ಆ ಯೋಜನೆ ಮೇಲೇಳಲಿಲ್ಲ, ಜಾಗ ವರ್ಷಗಟ್ಟಲೆ ಪಾಳುಬಿತ್ತು.

ನಮ್ಮ 2013ರ ಭೂಸ್ವಾಧೀನ ಕಾನೂನು ಜಮೀನು ಕಳೆದುಕೊಳ್ಳುವವರಲ್ಲಿ ಖಾಸಗಿ ಕಂಪನಿಗಾದರೆ ಶೇ. 80, ಸರ್ಕಾರಿ–ಖಾಸಗಿ ಸಹಭಾಗಿತ್ವಕ್ಕಾದರೆ ಶೇ. 70ರಷ್ಟು ಮಂದಿಯ ಒಪ್ಪಿಗೆ ಬೇಕೆನ್ನುತ್ತದೆ. ತಡವಾದರೂ ನ್ಯಾಯದ ಮಾತು.

ಕೆಂಗೇರಿಯಾಚೆ ಜಮೀನಿರುವ ಕೇಳುಗರಲ್ಲಿ ಒಂದು ವಿನಂತಿ. ವರ್ಷಕ್ಕೊಮ್ಮೆಯಾದರೂ ಪಹಣಿ ತೆಗೆಸಿ, ಇತರ ಹಕ್ಕು–ಋಣ ನಮೂದಿಸುವ 11ನೇ ಕಾಲಂ ಓದಿಸಿ. ಬಿಡಿಎ ಅಥವಾ ಕೆಐಎಡಿಬಿ ನೋಟೀಸು ಕೈಗೆ ಬಂದರೆ ಆಕ್ಷೇಪಣೆ ಸಲ್ಲಿಸಲು ಇರುವುದು 30 ದಿನ ಮಾತ್ರ.