ಊರಿನ ಬೆಳಕನ್ನು ಕಲಿಯೋಣ: ಅಧ್ಯಕ್ಷ ಭಾಷಣ

ತುಮಕೂರು, ಗುಬ್ಬಿ, ಕುಣಿಗಲ್ಲುಗಳ ಹವ್ಯಾಸಿ ಛಾಯಾಗ್ರಾಹಕರಾದ ನಾವು ಸೇರಿದಲ್ಲೆಲ್ಲ ಚಿತ್ರ ತೋರಿಸುತ್ತೇವೆ, ಕ್ಯಾಮೆರಾ, ಲೆನ್ಸುಗಳ ವಿಚಾರ ಮಾತಾಡುತ್ತೇವೆ. ಎರಡೂ ಬೇಕಾದವೇ. ಆದರೆ ಈ ಚಿತ್ರ ಯಾವ ಜಾಗದ್ದು, ಯಾವ ತಿಂಗಳಿನದು, ಎಷ್ಟು ಹೊತ್ತಿನಲ್ಲಿ ತೆಗೆದದ್ದು, ಬೆಳಕು ಯಾವ ದಿಕ್ಕಿನಿಂದ ಬಿದ್ದಿತ್ತು ಎನ್ನುವ ಮಾತು ನಮ್ಮ ನಡುವೆ ಹರಿದಾಡುವುದು ತೀರ ಕಡಿಮೆ. ನನ್ನ ವಾದ ಒಂದೇ. ಹವ್ಯಾಸಿಯ ಬಲ ಇರುವುದು ಸಲಕರಣೆಯಲ್ಲಲ್ಲ, ಸಮೀಪದಲ್ಲಿ. ಹತ್ತಿರದ ಜಾಗಕ್ಕೆ ಮತ್ತೆ ಮತ್ತೆ ಹೋಗಬಲ್ಲವನು, ಅಲ್ಲಿನ ಬೆಳಕನ್ನು ಋತುಋತುವಿಗೂ ಬಲ್ಲವನು, ಕಂಡದ್ದನ್ನು ಊರು ತೇದಿಗಳ ಸಮೇತ ದಾಖಲಿಸುವವನು ಮಾಡುವ ಕೆಲಸವನ್ನು ಎಷ್ಟೇ ದುಬಾರಿ ಕ್ಯಾಮೆರಾ ಹಿಡಿದು ಒಂದು ದಿನದ ಮಟ್ಟಿಗೆ ಬಂದು ಹೋಗುವವನು ಮಾಡಲಾರ. ನಮ್ಮ ಹಂಚಿಕೆಯೂ ಚರ್ಚೆಯೂ ಈ ಬಲದ ಮೇಲೆ ನಿಲ್ಲಬೇಕು.

ಇದಕ್ಕೆ ಆಧಾರ ನಮ್ಮ ನಾಡಿನ ಹವ್ಯಾಸಿ ಪರಂಪರೆಯಲ್ಲೇ ಇದೆ. ಡಾ. ಜಿ. ಥಾಮಸ್ ಅವರ ಮುಂದಾಳತ್ವದಲ್ಲಿ 1953ರಲ್ಲಿ ಭಾರತೀಯ ಛಾಯಾಗ್ರಹಣ ಒಕ್ಕೂಟ ಹುಟ್ಟಿತು. 1971ರಲ್ಲಿ ಬೆಂಗಳೂರಿನಲ್ಲಿ ಯೂತ್ ಫೋಟೊಗ್ರಫಿಕ್ ಸೊಸೈಟಿ ಆರಂಭವಾಯಿತು. ಟಿ.ಎನ್.ಎ. ಪೆರುಮಾಳ್ ಅವರು ವನ್ಯಜೀವಿ ಚಿತ್ರಗಳಲ್ಲಿ ಹೆಸರಾದರು. ರಾಜ್ಯದ ಅರ್ಥಸಚಿವರಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆಯವರು ಕಪ್ಪು-ಬಿಳುಪಿನಲ್ಲಿ ಕಾಡನ್ನು ಕಾಣಿಸಿ, ‘ಸನ್‌ಲೈಟ್ ಅಂಡ್ ಶ್ಯಾಡೋಸ್’ ಎಂಬ ಪುಸ್ತಕ ತಂದರು. ಅವರ ಕಾಲದ ಒಂದು ರೋಲಿನಲ್ಲಿ ಇದ್ದದ್ದು 36 ಚಿತ್ರಗಳಿಗೆ ಜಾಗ. ತೆಗೆದದ್ದು ಹೇಗೆ ಬಂದಿದೆ ಎಂದು ತಿಳಿಯಲು ಡಾರ್ಕ್‌ರೂಮಿನವರೆಗೆ ಕಾಯಬೇಕಿತ್ತು. ಆಗಿನ ಫಿಲ್ಮಿನ ಸಂವೇದನೆ, ಫೋಕಸ್ಸಿನ ವೇಗ ಎರಡನ್ನೂ ಇಂದಿನ ಸಾಧಾರಣ ಮಿರರ್‌ಲೆಸ್ ಕ್ಯಾಮೆರಾ ಮೀರಿಸುತ್ತದೆ. ಆದರೂ ಆ ಚಿತ್ರಗಳು ಇಂದಿಗೂ ನಿಂತಿವೆ. ಪ್ರಾಣಿಯ ನಡೆಯನ್ನೂ ಬೆಳಕು ಬರುವ ಬಗೆಯನ್ನೂ ಮೊದಲೇ ಅರಿತು ಕಾದು ಕೂತವರು ಅವರು. ಯಂತ್ರ ಸೀಮಿತವಾಗಿದ್ದಾಗ ಅರಿವು ಬೆಳೆಯಲೇಬೇಕಾಗಿತ್ತು. ಈಗ ಯಂತ್ರ ಬೆಳೆದಿದೆ. ಅರಿವನ್ನು ಬೆಳೆಸಿಕೊಳ್ಳುವ ಜವಾಬ್ದಾರಿ ನಮ್ಮ ಇಚ್ಛೆಗೆ ಬಿಟ್ಟದ್ದಾಗಿದೆ.

ಆ ಅರಿವು ಊರಿನ ಆಕಾಶದಿಂದಲೇ ಶುರುವಾಗಬೇಕು. ನಾವು ಓದುವ ಬೆಳಕಿನ ಪಾಠಗಳಲ್ಲಿ ಬಹುಪಾಲು ಯುರೋಪ್, ಅಮೆರಿಕಗಳ ಸೂರ್ಯನನ್ನು ನೋಡಿ ಬರೆದವು. ತುಮಕೂರು ಇರುವುದು ಉತ್ತರ ಅಕ್ಷಾಂಶ ಸುಮಾರು 13 ಡಿಗ್ರಿಯಲ್ಲಿ. ಇಲ್ಲಿ ಸೂರ್ಯ ಓರೆಯಾಗಿ ಜಾರುವುದಿಲ್ಲ, ಹೆಚ್ಚುಕಡಿಮೆ ನೇರವಾಗಿ ಇಳಿಯುತ್ತಾನೆ. ಹಾಗಾಗಿ ಪುಸ್ತಕಗಳು ಗಂಟೆಯಷ್ಟು ಎಂದು ಹೇಳುವ ಹೊಂಬೆಳಕು ನಮಗೆ ಅರ್ಧ ಗಂಟೆಯ ಆಚೀಚೆ ಮುಗಿದುಹೋಗುತ್ತದೆ. ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ನಡುವಿನಲ್ಲಿ ಇನ್ನೊಮ್ಮೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ನೇರ ನಿಲ್ಲುತ್ತಾನೆ, ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಈ ಎರಡು ದಿನಗಳ ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕಿರುತ್ತಾನೆ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ವಾಲಿ, ತಿಂಗಳ ಕೊನೆಯ ಭಾಗದಲ್ಲಿ ಮಧ್ಯಾಹ್ನವೂ ಸುಮಾರು 53 ಡಿಗ್ರಿಗಿಂತ ಹೆಚ್ಚು ಮೇಲೇರುವುದಿಲ್ಲ. ಗುಡಿಯ ಶಿಲ್ಪ ತೆಗೆಯುವವರಿಗೆ ಇದು ನೇರ ಉಪಯೋಗದ ತಿಳಿವಳಿಕೆ. ಡಿಸೆಂಬರಿನ ಬೆಳಗಿನ ಬಿಸಿಲು ದಕ್ಷಿಣದ ಗೋಡೆಯನ್ನು ಸವರಿಕೊಂಡು ಹೋಗುವುದರಿಂದ ಉಳಿಯ ಗುರುತು, ಅಳಿಸಿಹೋದ ಅಕ್ಷರ ಎಲ್ಲವೂ ಎದ್ದು ಕಾಣುತ್ತವೆ. ಉತ್ತರದ ಗೋಡೆಗೆ ಅದೇ ಭಾಗ್ಯ ಬರುವುದು ಮೇ, ಜೂನ್ ತಿಂಗಳಲ್ಲಿ, ಅದೂ ಮುಂಗಾರು ಮೋಡ ಬಿಡುವು ಕೊಟ್ಟರೆ. ಜನವರಿಯಲ್ಲಿ ಒಂದು ದಿನ ಬಂದವನಿಗೆ ಉತ್ತರದ ಗೋಡೆ ನೆರಳಲ್ಲೇ ಸಿಗುತ್ತದೆ. ಆರು ತಿಂಗಳು ಬಿಟ್ಟು ಮತ್ತೆ ಬರಬಲ್ಲವನು ಇದೇ ಊರಿನವನು ಮಾತ್ರ.

ಗುಡಿಯ ಒಳಗಿನ ಮಾತು ಬೇರೆ. ಶಿಲ್ಪಿ ಜಕಣಾಚಾರಿಯ ಐತಿಹ್ಯಕ್ಕೆ ಹೆಸರಾದ, ಹೊಯ್ಸಳರ ಕಾಲದ ಕೈದಾಳದ ಚೆನ್ನಕೇಶವನದು ಕರಿಯ ಕಲ್ಲಿನ ವಿಗ್ರಹ. ಇಂಥ ನುಣುಪಾದ ಕಲ್ಲಿಗೆ ಎದುರಿನಿಂದ ಫ್ಲ್ಯಾಶ್ ಹೊಡೆದರೆ ಬಿಳಿಯ ಮಚ್ಚೆ ಬೀಳುತ್ತದೆ, ಆಭರಣದ ಕುಸುರಿಯೆಲ್ಲ ಚಪ್ಪಟೆಯಾಗುತ್ತದೆ. ಅನುಮತಿ ಇದ್ದಲ್ಲಿ ಟ್ರೈಪಾಡಿನ ಮೇಲೆ ದೀರ್ಘ ಎಕ್ಸ್‌ಪೋಷರ್ ಕೊಟ್ಟು, ಪಕ್ಕದಿಂದ ಬಿಳಿಯ ಬಟ್ಟೆಯೋ ಥರ್ಮೊಕೋಲ್ ಹಾಳೆಯೋ ಹಿಡಿದು ಮೆದುವಾದ ಬೆಳಕನ್ನು ತಿರುಗಿಸಿದರೆ ಕಲ್ಲು ತನ್ನ ಮೈಮಾಟವನ್ನು ತೋರುತ್ತದೆ. ಬೆಳಕಿನ ಮೂಲದ ದೂರ ಎರಡರಷ್ಟಾದರೆ ಬೀಳುವ ಬೆಳಕು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ ಎಂಬ ನಿಯಮ ಗೊತ್ತಿದ್ದವನಿಗೆ ಸಣ್ಣ ಎಲ್‌ಇಡಿ ದೀಪವೂ ಸಾಕು. ಗೊತ್ತಿಲ್ಲದವನಿಗೆ ದೊಡ್ಡ ಸ್ಟುಡಿಯೊ ದೀಪವೂ ಸಾಲದು.

ದೀಪದ ಮಾತು ಬಂದಾಗ ಗುಬ್ಬಿಯ ರಂಗಭೂಮಿಯನ್ನು ನೆನೆಯದೆ ಮುಂದೆ ಹೋಗಲಾಗದು. 1884ರಲ್ಲಿ ಆರಂಭವಾದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ಗುಬ್ಬಿ ವೀರಣ್ಣನವರ ಕೈಯಲ್ಲಿ ಬೆಳೆದು, ‘ಕುರುಕ್ಷೇತ್ರ’ದಲ್ಲಿ ರಂಗದ ಮೇಲೆ ಆನೆಯನ್ನೇ ತಂದು ನಾಡನ್ನು ಬೆರಗುಗೊಳಿಸಿತು. ಆ ರಾತ್ರಿಗಳಲ್ಲಿ ಚಿತ್ರವಾಗಿ ಉಳಿಯದೆ ಹೋದದ್ದನ್ನು ಇಂದು ಯಾರೂ ಮರಳಿ ತರಲಾರರು. ಈಗಲೂ ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಕಡೆಗಳಲ್ಲಿ ನಾಟಕ, ಹರಿಕಥೆ, ಜಾತ್ರೆಯ ಉತ್ಸವ ನಡೆಯುತ್ತಲೇ ಇವೆ. ಅವುಗಳ ದೀಪ ಬದಲಾಗಿದೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು, ಆದ್ದರಿಂದ ಅನೇಕ ದೀಪಗಳು ಸೆಕೆಂಡಿಗೆ 100 ಬಾರಿ ಮಿಡಿಯುತ್ತವೆ. ಎಲೆಕ್ಟ್ರಾನಿಕ್ ಷಟರಿನಲ್ಲಿ ವೇಗ ಹೆಚ್ಚಿಸಿದಾಗ ಚಿತ್ರದಲ್ಲಿ ಕಪ್ಪು ಪಟ್ಟಿಗಳು ಮೂಡುವುದು ಅದರಿಂದಲೇ. 1/50 ಅಥವಾ 1/100 ಸೆಕೆಂಡಿಗೆ ಇಳಿದರೆ, ಮೆಕ್ಯಾನಿಕಲ್ ಷಟರಿಗೆ ಬದಲಾದರೆ ಬಹುಪಾಲು ತೊಂದರೆ ತಪ್ಪುತ್ತದೆ. ಇಂಥ ಒಂದು ತಿಳಿವಳಿಕೆ ಒಬ್ಬರಿಂದ ಒಬ್ಬರಿಗೆ ದಾಟಿದರೆ ಹತ್ತು ಜನ ಹೊಸ ಕ್ಯಾಮೆರಾ ಕೊಳ್ಳುವ ಖರ್ಚು ಉಳಿಯಬಹುದು.

ಹಾಗಾದರೆ ಸಲಕರಣೆ ಬೇಡವೇ ಎಂಬ ಆಕ್ಷೇಪ ಬರುವುದು ಸಹಜ. ಕುದುರೆಯ ಓಟದಲ್ಲಿ ನಾಲ್ಕೂ ಗೊರಸುಗಳು ಒಮ್ಮೆಗೇ ನೆಲ ಬಿಡುತ್ತವೆ ಎಂಬ ಸತ್ಯ ಮನುಷ್ಯನ ಕಣ್ಣಿಗೆ ದಕ್ಕಿರಲಿಲ್ಲ, 1878ರಲ್ಲಿ ಛಾಯಾಗ್ರಾಹಕ ಮೈಬ್ರಿಜ್ ಸಾಲಾಗಿ ಇಟ್ಟ ಕ್ಯಾಮೆರಾಗಳಿಗೆ ದಕ್ಕಿತು. ಟಿಪ್ಪುವಿನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಕುಣಿಗಲ್ಲಿನವರಿಗೆ ಈ ಮಾತಿನ ಬೆಲೆ ಗೊತ್ತು. ಯಂತ್ರ ಹೊಸದನ್ನು ಕಾಣಿಸಬಲ್ಲದು, ಇದನ್ನು ಮನಸಾರೆ ಒಪ್ಪುತ್ತೇನೆ. ದೂರದ ಸಣ್ಣ ಹಕ್ಕಿಗೆ ಉದ್ದ ಲೆನ್ಸು ಬೇಕೇ ಬೇಕು. ಆದರೆ ಮೈಬ್ರಿಜ್ ಮೊದಲು ಪ್ರಶ್ನೆ ಹಿಡಿದುಕೊಂಡು, ಆಮೇಲೆ ಅದಕ್ಕೆ ತಕ್ಕ ಸಲಕರಣೆ ಕಟ್ಟಿದ. ನಾವು ಸಲಕರಣೆ ಕೊಂಡು ಪ್ರಶ್ನೆಗಾಗಿ ಹುಡುಕುತ್ತೇವೆ. ಕುಣಿಗಲ್ಲಿನ ಕುದುರೆ ಫಾರಂನ ಜಮೀನಿನ ಮುಂದಿನ ಬಳಕೆಯ ಬಗ್ಗೆ ಈಚಿನ ವರ್ಷಗಳಲ್ಲಿ ಚರ್ಚೆ ಎದ್ದಿದೆ. ಅಲ್ಲಿನ ಮರ, ಲಾಯ, ಬಯಲುಗಳನ್ನು ಅನುಮತಿ ಪಡೆದು ಕ್ರಮವಾಗಿ ಚಿತ್ರಿಸಿಡುವುದು ಇಂದಿನ ಪ್ರಶ್ನೆ. ಅದಕ್ಕೆ ಕೈಯಲ್ಲಿರುವ ಕ್ಯಾಮೆರಾ ಸಾಕು. ಉದ್ದ ಲೆನ್ಸು ಬೇಕಾದವರಿಗಾಗಿ ನಮ್ಮ ಸಂಘದ ಹಣದಲ್ಲಿ ಒಂದೆರಡು ಕೊಂಡು ಸರದಿಯ ಮೇಲೆ ಬಳಸೋಣ. ಲೆನ್ಸು ಊರಿನ ಗ್ರಂಥಾಲಯದ ಪುಸ್ತಕದ ಹಾಗೆ ಕೈಯಿಂದ ಕೈಗೆ ಓಡಾಡಲಿ.

ಬೆಳಕಿನ ವಿದ್ಯೆ ಬೆಳಕನ್ನು ಯಾವಾಗ ಹಾಕಬಾರದು ಎಂಬುದನ್ನೂ ಕಲಿಸಬೇಕು. ತುಮಕೂರು ತಾಲ್ಲೂಕಿನ ನಾಗವಲ್ಲಿಯ ಸುತ್ತ ಕಾಡುಪಾಪಗಳಿವೆ. ಇರುಳಿನ ಮಬ್ಬಿಗಾಗಿಯೇ ರೂಪುಗೊಂಡ ದೊಡ್ಡ ಕಣ್ಣಿನ ಆ ಪುಟ್ಟ ಜೀವಿಗೆ ಫ್ಲ್ಯಾಶ್ ಹೊಡೆಯುವುದು ಹಿಂಸೆ. ಸಂಶೋಧಕರು ಅದನ್ನು ಹುಡುಕುವಾಗ ಮಂದವಾದ ಕೆಂಪು ಬೆಳಕನ್ನು ಬಳಸುವುದು ಇದೇ ಕಾರಣಕ್ಕೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರಿನ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ, ಊರಿನವರು ಅವನ್ನು ಕಾಪಾಡಿಕೊಂಡು ಬಂದಿದ್ದಾರೆ. ಅವರ ಸೈರಣೆಗೆ ನಮ್ಮ ಅವಸರ ಕುಂದು ತರಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಹಕ್ಕಿಯ ಗೂಡು, ಮೊಟ್ಟೆಗಳಿಗೆ ತೊಂದರೆ ಕೊಡುವುದನ್ನು ಬೇಟೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಇಂಥ ಜೀವಿಗಳ ನಿಖರ ತಾಣವನ್ನು ಎಲ್ಲರಿಗೂ ಸಾರದೆ, ಸಂಘದ ದಾಖಲೆಯಲ್ಲಿ ಮಾತ್ರ ಬರೆದಿಡುವುದು ನಮ್ಮ ನಿಯಮವಾಗಲಿ.

ಇನ್ನು ಕೆಲವರು, ದಾಖಲೆ ಮಾಡುವುದು ಕಲೆಯಲ್ಲ, ಅದು ಕಚೇರಿಯ ಕೆಲಸ ಎನ್ನುತ್ತಾರೆ. ಅವರಿಗೆ ಒಂದು ಉದಾಹರಣೆ ಕೊಡುತ್ತೇನೆ. ಬಿ.ಎಲ್. ರೈಸ್ ಸಂಪಾದಿಸಿದ ಶಾಸನಗಳ ಸಂಗ್ರಹ ‘ಎಪಿಗ್ರಾಫಿಯ ಕರ್ನಾಟಿಕ’ದ 12ನೆಯ ಸಂಪುಟ ತುಮಕೂರು ಜಿಲ್ಲೆಯದು, ಪ್ರಕಟವಾದದ್ದು 1904ರಲ್ಲಿ. ಪ್ರತಿ ಶಾಸನದ ಜೊತೆಗೆ ಊರಿನ ಹೆಸರು, ಕಲ್ಲು ನಿಂತಿರುವ ಜಾಗ ಬರೆದಿರುವುದರಿಂದ ನೂರು ವರ್ಷ ದಾಟಿದ ಮೇಲೂ ಅದನ್ನು ಹಿಡಿದು ಕಲ್ಲನ್ನು ಹುಡುಕಿಕೊಂಡು ಹೋಗಬಹುದು. ಹೆಸರು, ಜಾಗ ಬರೆದಿಟ್ಟದ್ದರಿಂದ ಶಾಸನದ ಸೊಗಸು ಕುಂದಿಲ್ಲ. ಒಳ್ಳೆಯ ಬೆಳಕಿನಲ್ಲಿ, ಒಳ್ಳೆಯ ಚೌಕಟ್ಟಿನಲ್ಲಿ ತೆಗೆದ ಚಿತ್ರದ ಹಿಂದೆ ಎರಡು ಸಾಲು ವಿವರ ಬರೆದರೆ ಚೆಲುವು ಹೋಗುವುದಿಲ್ಲ, ಆಯುಷ್ಯ ಹೆಚ್ಚುತ್ತದೆ. ಮೊಬೈಲು ಎಲ್ಲರ ಕೈಯಲ್ಲಿರುವಾಗ, ಕೃತಕ ಬುದ್ಧಿಮತ್ತೆ ಕ್ಯಾಮೆರಾ ಇಲ್ಲದೆಯೇ ಚಿತ್ರ ಹೆಣೆಯುತ್ತಿರುವಾಗ ಹವ್ಯಾಸಿಗೆ ಏನು ಉಳಿಯಿತು ಎಂದು ಕೇಳುವವರಿಗೂ ಉತ್ತರ ಇದೇ. ಮೊಬೈಲು ಹಲವು ಫ್ರೇಮುಗಳನ್ನು ಬೆರೆಸಿ ನೆರಳನ್ನು ತಾನೇ ಬೆಳಗುತ್ತದೆ. ಎಷ್ಟು ನೆರಳು ಉಳಿಯಬೇಕು ಎಂದು ತೀರ್ಮಾನಿಸುವ ಕಣ್ಣು ನಮ್ಮದಾದರೆ ಅದೂ ಒಳ್ಳೆಯ ಸಾಧನವೇ. ಆದರೆ ಕೃತಕ ಬುದ್ಧಿಮತ್ತೆ ಹೆಣೆದ ಚಿತ್ರಕ್ಕೆ ಕುಣಿಗಲ್ ದೊಡ್ಡಕೆರೆ ಈ ವರ್ಷ ಎಷ್ಟು ತುಂಬಿತ್ತು ಎಂದು ಸಾಕ್ಷಿ ಹೇಳುವ ಅಧಿಕಾರವಿಲ್ಲ. ತೇದಿಯೊಂದಿಗೆ, ಮೂಲ ರಾ ಫೈಲಿನೊಂದಿಗೆ ಉಳಿದ ನಮ್ಮ ಚಿತ್ರಕ್ಕೆ ಅದು ಇದೆ. ನಂಬಿಕೆ ಅಪರೂಪವಾಗುತ್ತಿರುವ ಕಾಲದಲ್ಲಿ ಪ್ರಾಮಾಣಿಕ ಚಿತ್ರದ ಬೆಲೆ ಏರುತ್ತದೆ.

ಆದ್ದರಿಂದ ಈ ಸಮಾವೇಶದ ಮುಂದೆ ಮೂರು ಸಲಹೆ ಇಡುತ್ತೇನೆ. ಒಂದು, ಸಭೆಯಲ್ಲಿ ತೋರಿಸುವ ಪ್ರತಿ ಚಿತ್ರಕ್ಕೂ ಊರು, ತೇದಿ, ಹೊತ್ತು, ಬೆಳಕಿನ ದಿಕ್ಕು ಕನ್ನಡದಲ್ಲಿ ಬರೆದಿರಬೇಕು, ಕ್ಯಾಮೆರಾದ ಹೆಸರು ಕೊನೆಯಲ್ಲಿರಲಿ. ಎರಡು, ಪ್ರತಿಯೊಬ್ಬರೂ ಮನೆಯ ಹತ್ತಿರದ ಒಂದು ಕೆರೆ, ಗುಡಿ, ಸಂತೆ ಅಥವಾ ಬೀದಿಯನ್ನು ಆರಿಸಿಕೊಂಡು, ಒಂದೇ ಜಾಗದಲ್ಲಿ ನಿಂತು ಋತುವಿಗೊಮ್ಮೆ ಚಿತ್ರ ತೆಗೆಯಬೇಕು. ಮೂರು, ಆ ಚಿತ್ರಗಳ ಪ್ರತಿಯನ್ನು ಎರಡು ಬೇರೆ ಬೇರೆ ಕಡೆ ಜೋಪಾನ ಮಾಡಿ, ಶಾಲೆಗಳಿಗೂ ಸಂಶೋಧಕರಿಗೂ ಕೇಳಿದಾಗ ಕೊಡುವಂತಾಗಬೇಕು. ಇದಕ್ಕೆ ಸರ್ಕಾರದ ಅನುದಾನವಾಗಲಿ ಹೊಸ ಲೆನ್ಸಾಗಲಿ ಬೇಕಿಲ್ಲ. ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ತಾವು ಆರಿಸಿದ ಜಾಗದ ಮೊದಲ ಚಿತ್ರವನ್ನು ವಿವರ ಬರೆದು ತನ್ನಿ. ಈ ಜಿಲ್ಲೆಯ ಚಿತ್ರಸಂಗ್ರಹ ಅಲ್ಲಿಂದ ಆರಂಭವಾಗಲಿ.