ವಿದ್ಯುತ್ ವಾಹನದ ಬ್ಯಾಟರಿ: ಕೋಶಗಳ ಸಮತೋಲ ಹಾಗೂ ಸುರಕ್ಷಿತ ಚಾರ್ಜಿಂಗ್

(ಕುರುಡುಮಲೆಯಲ್ಲಿ ಗ್ರಾಮಸ್ಥರಿಗೂ ವಿದ್ಯಾರ್ಥಿಗಳಿಗೂ ನೀಡಿದ ಉಪನ್ಯಾಸ)



ಮುಳಬಾಗಿಲನ್ನು ಹಾದುಹೋಗುವ 75ನೇ ರಾಷ್ಟ್ರೀಯ ಹೆದ್ದಾರಿಯು ವೇಲೂರಿನಲ್ಲಿ ಕೊನೆಗೊಳ್ಳುತ್ತದೆ. 2022ರ ಮಾರ್ಚ್ ತಿಂಗಳಲ್ಲಿ ಆ ಊರಿನ ಮನೆಯೊಂದರಲ್ಲಿ ರಾತ್ರಿ ಚಾರ್ಜಿಗೆ ಹಾಕಿದ್ದ ವಿದ್ಯುತ್ ಬೈಕಿಗೆ ಬೆಂಕಿ ತಗುಲಿ, ಒಳಗೆ ತುಂಬಿದ ಹೊಗೆಯಿಂದ ತಂದೆ-ಮಗಳಿಬ್ಬರೂ ಅಸುನೀಗಿದರು. ಆ ವರ್ಷ ದೇಶದ ಹಲವೆಡೆ ಇಂಥ ಅವಘಡಗಳಾದ ತರುವಾಯ ಕೇಂದ್ರ ಸರ್ಕಾರವು ಬ್ಯಾಟರಿಗಳ ಸುರಕ್ಷತಾ ಮಾನದಂಡವಾದ ಎ.ಐ.ಎಸ್. 156ನ್ನು ಬಿಗಿಗೊಳಿಸಿ, 2022ರ ಡಿಸೆಂಬರ್‌ನಿಂದ ಮತ್ತು 2023ರ ಮಾರ್ಚ್ ಕೊನೆಯಿಂದ ಎರಡು ಹಂತಗಳಲ್ಲಿ ಜಾರಿಗೆ ತಂದಿತು. ಡೇರಿಗೆ ಹಾಲು ಒಯ್ಯಲು ಸಹ ವಿದ್ಯುತ್ ಸ್ಕೂಟರ್ ಕೊಳ್ಳುತ್ತಿರುವ ಈ ದಿನಗಳಲ್ಲಿ ಆ ಪೆಟ್ಟಿಗೆಯ ಒಳಗನ್ನು ಅರಿಯುವುದು ಅವಶ್ಯ.

ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ಕಾರು ಸೀಸ-ಆಮ್ಲದ ಬ್ಯಾಟರಿಯಿಂದ ಓಡುತ್ತಿತ್ತು. ಸೀಸದ ಬ್ಯಾಟರಿ ಸಹನಶೀಲವಾದುದು. ಯಾವುದೋ ಕೋಶ ಮೊದಲೇ ತುಂಬಿದರೆ, ಹೆಚ್ಚಿನ ವಿದ್ಯುತ್ತು ಅದರ ನೀರನ್ನು ಅನಿಲವಾಗಿಸಿ ಕಳೆದುಹೋಗುತ್ತದೆ. ಅಷ್ಟರಲ್ಲಿ ಉಳಿದ ಕೋಶಗಳೂ ತುಂಬುತ್ತವೆ. ಲಿಥಿಯಂ ಕೋಶಕ್ಕೆ ಅಂಥ ದಾರಿಯಿಲ್ಲ. ಮಿತಿ ಮೀರಿದರೆ ಅದು ಒಳಗೇ ಕೆಡುತ್ತದೆ, ಬಿಸಿಯಾಗುತ್ತದೆ, ಕೊನೆಗೆ ಹೊತ್ತಿಕೊಳ್ಳಲೂಬಹುದು.

ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿಯೊಂದನ್ನು ತೆಗೆದುಕೊಳ್ಳೋಣ. ಪಾಧಿ, ನಂಜುಂಡಸ್ವಾಮಿ ಹಾಗೂ ಗುಡ್‌ಇನಫ್ 1997ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ ಬಂದ ಬಗೆಯಿದು. ನಿಕ್ಕಲ್ ಬಗೆಗಿಂತ ತಾಪವನ್ನು ಹೆಚ್ಚು ತಾಳಬಲ್ಲದು. ಸರಣಿಯಲ್ಲಿ 16 ಕೋಶಗಳಿದ್ದರೆ, ಒಂದೊಂದಕ್ಕೆ 3.65 ವೋಲ್ಟಿನಂತೆ ಪೂರ್ಣ ಮೊತ್ತ 58.4 ವೋಲ್ಟ್. ಚಾರ್ಜರಿಗೆ ಕಾಣುವುದು ಈ ಮೊತ್ತ ಮಾತ್ರ. ಒಂದು ಕೋಶ 3.85ಕ್ಕೇರಿ, ಉಳಿದ 15 ಕೋಶಗಳು 3.64ರ ಹತ್ತಿರವಿದ್ದರೂ ಮೊತ್ತ ಹೆಚ್ಚುಕಡಿಮೆ ಅಷ್ಟೇ. ಅಪಾಯ ಅಡಗಿರುವುದು ಇಲ್ಲಿ. ಆದಕಾರಣ ಪ್ರತಿ ಕೋಶವನ್ನೂ ಬೇರೆಬೇರೆಯಾಗಿ ಅಳೆಯುವ ಬಿ.ಎಂ.ಎಸ್. ಎಂಬ ನಿಯಂತ್ರಕ ಹಲಗೆಯನ್ನು ಪೆಟ್ಟಿಗೆಯೊಳಗೆ ಇಟ್ಟಿರುತ್ತಾರೆ.

ಅದರ ಸಮತೋಲನ ಕಾರ್ಯವು ರೇಷ್ಮೆ ಸಾಕುವವರಿಗೆ ಹೊಸದೆನಿಸದು. ಜ್ವರದಿಂದ ಮೊದಲೆದ್ದ ಹುಳುಗಳಿಗೆ ಕೂಡಲೇ ಸೊಪ್ಪು ಹಾಕುವುದಿಲ್ಲ. ಹಿಂದುಳಿದವು ಏಳುವವರೆಗೆ ಕಾಯುತ್ತಾರೆ. ಇಲ್ಲದಿದ್ದರೆ ತಟ್ಟೆಯಲ್ಲಿ ದೊಡ್ಡ-ಚಿಕ್ಕ ಹುಳುಗಳು ಬೆರೆತು, ಒಟ್ಟಿಗೆ ಹಣ್ಣಾಗದೆ ಬೆಳೆ ಕೆಡುತ್ತದೆ. ಹಾಗೆಯೇ ಮೊದಲು ತುಂಬಿದ ಕೋಶದ ವಿದ್ಯುತ್ತನ್ನು ಬಿ.ಎಂ.ಎಸ್. ಸಣ್ಣದೊಂದು ರೋಧಕದ ಮೂಲಕ ಶಾಖವಾಗಿ ಕಳೆಯುತ್ತ, ಮಿಕ್ಕವು ಸಮನಾಗುವವರೆಗೆ ಅದನ್ನು ತಡೆಹಿಡಿಯುತ್ತದೆ. ಹೀಗೆ ಕಳೆಯುವ ಪ್ರವಾಹ ಬಹಳ ಕಡಿಮೆಯಾದ್ದರಿಂದ ಹೆಚ್ಚಿನ ವ್ಯತ್ಯಾಸ ಸರಿಹೋಗಲು ಗಂಟೆಗಟ್ಟಲೆ ಬೇಕು. ಫಾಸ್ಫೇಟ್ ಬಗೆಯಲ್ಲಿ ಮತ್ತೊಂದು ತೊಡಕಿದೆ: ನಡುವಿನ ಹಂತದಲ್ಲಿ ವೋಲ್ಟೇಜು ಬಹುಮಟ್ಟಿಗೆ ಒಂದೇ ಸಮವಾಗಿರುವುದರಿಂದ ಕೋಶಗಳ ಅಂತರ ತುದಿಯಲ್ಲಷ್ಟೇ ಬಯಲಾಗುತ್ತದೆ. ದಿನವೂ ಅರ್ಧಕ್ಕೇ ಚಾರ್ಜು ನಿಲ್ಲಿಸುವವರು ಆಗಾಗ, ತಯಾರಕರ ಕೈಪಿಡಿ ಹೇಳಿದಂತೆ, ಪೂರ್ತಿ ತುಂಬಲು ಬಿಡಬೇಕು. ನಿಕ್ಕಲ್ ಬಗೆಯದನ್ನು ಮಾತ್ರ ದಿನನಿತ್ಯ ನೂರಕ್ಕೆ ತಲುಪಿಸದಿದ್ದರೆ ಬಾಳಿಕೆ ಹೆಚ್ಚು.

ಕೆಲವು ರಿಪೇರಿಯವರು ಪದೇಪದೇ ಚಾರ್ಜು ಕಡಿತಗೊಳಿಸುವ ಬಿ.ಎಂ.ಎಸ್.ಅನ್ನೇ ದೋಷಿಯೆಂದು ಭಾವಿಸಿ, ಅದನ್ನು ಬದಿಗಿರಿಸಿ ತಂತಿಯನ್ನು ನೇರವಾಗಿ ಬೆಸೆಯುವುದುಂಟು. ಇದು ಕಾವಲುಗಾರನನ್ನು ಕಟ್ಟಿಹಾಕಿ ಕಳ್ಳನಿಗೆ ಬಾಗಿಲು ತೆರೆದಂತೆ. ಹಳೆಯ ಕೋಶಗಳ ನಡುವೆ ಒಂದೆರಡು ಹೊಸ ಕೋಶ ಸೇರಿಸುವುದೂ ತರವಲ್ಲ; ಸೀಸದ ಬ್ಯಾಟರಿಯ ಚಾರ್ಜರನ್ನಂತೂ ಬಳಸಲೇಬಾರದು.

ಬಿಸಿಲಿನಲ್ಲಿ ಓಡಿಸಿ ತಂದೊಡನೆ ಚಾರ್ಜಿಗೆ ಹಾಕದೆ ಬ್ಯಾಟರಿ ಆರಲು ಬಿಡಬೇಕು. ಕಾದ ತಗಡಿನ ಮಾಡಿನಡಿ, ಹುಲ್ಲಿನ ಬಣವೆಯ ಪಕ್ಕ, ಮಲಗುವ ಕೋಣೆಯಲ್ಲಿ ಬೇಡ. ಮನೆಗೆ ಒಂದೇ ಬಾಗಿಲಿದ್ದರೆ ಆ ಬಾಗಿಲ ಬಳಿ ಖಂಡಿತ ಬೇಡ, ಹೊತ್ತಿಕೊಂಡರೆ ಹೊರಬರುವ ದಾರಿಯೇ ಮುಚ್ಚಿಹೋಗುತ್ತದೆ. ಸಾಕೆಟ್ಟಿಗೆ ಸರಿಯಾದ ಅರ್ಥಿಂಗ್ ಇರಬೇಕು. ಪೆಟ್ಟಿಗೆ ಉಬ್ಬಿದರೆ, ವಿಚಿತ್ರ ವಾಸನೆ ಬಂದರೆ ಚಾರ್ಜಿಂಗ್ ನಿಲ್ಲಿಸಿ, ಬಯಲಿನಲ್ಲಿಟ್ಟು ಮಾರಿದವರಿಗೆ ತಿಳಿಸಬೇಕು. ಬೆಂಕಿ ಹತ್ತಿದರೆ ಮೊದಲು ಜನರು ಹೊರಗೆ, ಹೊಗೆ ವಿಷಕಾರಿ. ಮೇನ್ ಸ್ವಿಚ್ ಆರಿಸಿದ ಮೇಲೆ, ದೂರದಿಂದ ಧಾರಾಳವಾಗಿ ನೀರು ಸುರಿಯುವುದು ಕೋಶಗಳನ್ನು ತಣಿಸುತ್ತದೆ. ಆರಿದಂತೆ ಕಂಡರೂ ಅದು ಮತ್ತೆ ಹೊತ್ತಿಕೊಳ್ಳಬಲ್ಲದು.

ಇನ್ನು, ಆಯುಷ್ಯ ಮುಗಿದ ಬ್ಯಾಟರಿಯ ವಿಷಯ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಅದರ ಸಂಗ್ರಹಣೆ ಮತ್ತು ಮರುಬಳಕೆಯ ಹೊಣೆ ತಯಾರಕರದು. ಅದನ್ನು ಗುಜರಿಯಲ್ಲಿ ಒಡೆದರೆ ಒಳಗಿನ ಫ್ಲೋರಿನ್‌ಯುಕ್ತ ಲವಣವು ತೇವದೊಡನೆ ಬೆರೆತು ಹೈಡ್ರೋಫ್ಲೋರಿಕ್ ಆಮ್ಲವಾಗುತ್ತದೆ. ಕೆರೆಯಂಗಳಕ್ಕೆ ಎಸೆದರೂ ಆಗುವುದು ಇದೇ.